ಪೆಟ್ಟು ಬಿದ್ದ ಮಿದುಳಿಗೆ ಹಾರ್ಮೋನಿನ ಆಸರೆ

ಈಸ್ಟ್ರೊಜೆನ್, ಪ್ರೊಜೆಸ್ಟರಾನ್, ಟೆಸ್ಟೊಸ್ಟೆರಾನ್ ಎಂಬ ಮೂರು ಹೆಸರುಗಳಲ್ಲಿ ಒಂದನ್ನಾದರೂ ನೀವು ಕೇಳಿಯೇ ಇರುತ್ತೀರಿ. ಹುಡುಗಿ ಮೈನೆರೆಯುವುದು, ಹುಡುಗನ ದನಿ ಒಡೆಯುವುದು, ಮುಟ್ಟು, ಬಸಿರು, ಮುಟ್ಟು ನಿಲ್ಲುವ ವಯಸ್ಸು, ಇವುಗಳ ಮಾತು ಬಂದಾಗಲೆಲ್ಲ ಈ ಹೆಸರುಗಳೂ ಬರುತ್ತವೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರ ಸುದ್ದಿ ಕೇಳಿದಾಗ ಮಾತ್ರ ಇವು ಯಾರ ನೆನಪಿಗೂ ಬರುವುದಿಲ್ಲ. ಆದರೆ ಸಂತಾನಕ್ಕಷ್ಟೇ ಸಂಬಂಧಪಟ್ಟವು ಎಂದು ನಾವು ತಿಳಿದಿರುವ ಈ ಮೂರೂ ಹಾರ್ಮೋನುಗಳು ಗಾಯಗೊಂಡ ಮಿದುಳನ್ನು ಕಾಯುವ ಕೆಲಸದಲ್ಲೂ ತೊಡಗುತ್ತವೆ. ಗಾಯವಾದಾಗ ಮಿದುಳು ತನಗೆ ಬೇಕಾದ ಹಾರ್ಮೋನನ್ನು ತಾನೇ ತಯಾರಿಸಿಕೊಳ್ಳುವುದೂ ಉಂಟು. ನನಗೆ ಬಹಳ ಪ್ರಿಯವಾದ ವಿಷಯವಿದು. ಇದನ್ನು ಓದಲು ನಿಮಗೆ ಜೀವಶಾಸ್ತ್ರ ಗೊತ್ತಿರಬೇಕೆಂದೇನೂ ಇಲ್ಲ. ತೀರ ಮೊದಲಿನಿಂದಲೇ ಹೊರಡೋಣ.

ಹಾರ್ಮೋನು ಎಂದರೇನು? ದೇಹದ ಒಂದು ಭಾಗದಲ್ಲಿ ತಯಾರಾಗಿ, ರಕ್ತದೊಡನೆ ಸಾಗಿ, ದೂರದ ಇನ್ನೊಂದು ಭಾಗದಲ್ಲಿ ಕೆಲಸ ಮಾಡಿಸುವ ರಾಸಾಯನಿಕ. ಇಂಥದ್ದೊಂದು ಇದೆ ಎಂಬುದನ್ನು ಮೊದಲು ತೋರಿಸಿಕೊಟ್ಟದ್ದು ಕೋಳಿಹುಂಜಗಳು. 1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ಟೋಲ್ಡ್ ಎಂಬ ಪ್ರಾಧ್ಯಾಪಕರು ಆರು ಎಳೆಯ ಹುಂಜಗಳ ವೃಷಣಗಳನ್ನು, ಅಂದರೆ ಬೀಜಗಳನ್ನು, ಶಸ್ತ್ರಚಿಕಿತ್ಸೆಯಿಂದ ಬೇರ್ಪಡಿಸಿದರು. ಎರಡು ಹುಂಜಗಳನ್ನು ಹಾಗೆಯೇ ಬಿಟ್ಟರು. ಉಳಿದ ನಾಲ್ಕರ ಹೊಟ್ಟೆಯೊಳಗೆ ಒಂದೊಂದು ವೃಷಣವನ್ನು ಇರಿಸಿ ಹೊಲಿದರು. ಮೊದಲಿನ ಎರಡಕ್ಕೆ ಜುಟ್ಟು ಬೆಳೆಯಲಿಲ್ಲ, ಅವು ಹುಂಜದಂತೆ ಕೂಗಲೂ ಇಲ್ಲ, ಜಗಳಕ್ಕೂ ಹೋಗಲಿಲ್ಲ. ಉಳಿದ ನಾಲ್ಕು ಜುಟ್ಟು ಬಿಟ್ಟವು, ಕೂಗಿದವು, ಕಾದಾಡಿದವು. ಬರ್ಟೋಲ್ಡ್ ಅವುಗಳನ್ನು ಕೊಯ್ದು ನೋಡಿದಾಗ ಹೊಸ ಜಾಗದಲ್ಲಿ ಕುಳಿತ ವೃಷಣಕ್ಕೆ ರಕ್ತನಾಳಗಳು ಬೆಳೆದಿದ್ದವು, ನರದ ಸಂಪರ್ಕ ಇರಲಿಲ್ಲ. ಹಾಗಿದ್ದರೆ ಸುದ್ದಿ ಮುಟ್ಟಿದ್ದು ರಕ್ತದ ಮೂಲಕವೇ ಇರಬೇಕು.

ಇಲ್ಲಿ ಸ್ವಲ್ಪ ನಿಲ್ಲಿ. ಜುಟ್ಟು ಚರ್ಮದ ಸಂಗತಿ, ಸರಿ. ಕೂಗುವುದೂ ಕಾದಾಡುವುದೂ? ಅವು ನಡವಳಿಕೆಗಳು, ಮಿದುಳಿನ ಕೆಲಸ. ಲೈಂಗಿಕ ಹಾರ್ಮೋನು ಮಿದುಳನ್ನು ಮುಟ್ಟುತ್ತದೆ ಎಂಬ ಸೂಚನೆ ಈ ಶಾಸ್ತ್ರದ ಮೊಟ್ಟಮೊದಲ ಪ್ರಯೋಗದಲ್ಲೇ ಇತ್ತು. ಅದನ್ನು ಪೂರ್ತಿಯಾಗಿ ಅರಿಯಲು ನಮಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಈಗ ಆ ಮೂವರ ಪರಿಚಯ. ಮೂರೂ ಹುಟ್ಟುವುದು ಕೊಲೆಸ್ಟ್ರಾಲ್‌ನಿಂದ. ಹೌದು, ರಕ್ತಪರೀಕ್ಷೆಯ ಚೀಟಿಯಲ್ಲಿ ನೀವು ಆತಂಕದಿಂದ ನೋಡುವ ಅದೇ ಕೊಲೆಸ್ಟ್ರಾಲ್. ಹಾಲು ಮೊಸರಾಗಿ, ಮೊಸರು ಬೆಣ್ಣೆಯಾಗಿ, ಬೆಣ್ಣೆ ತುಪ್ಪವಾಗುವಂತೆ ಕೊಲೆಸ್ಟ್ರಾಲ್ ಹಂತಹಂತವಾಗಿ ರೂಪ ಬದಲಿಸುತ್ತ ಹೋಗುತ್ತದೆ. ಮೊದಲ ಹಂತಗಳಲ್ಲಿ ಪ್ರೊಜೆಸ್ಟರಾನ್, ಮುಂದೆ ಟೆಸ್ಟೊಸ್ಟೆರಾನ್, ಕೊನೆಯಲ್ಲಿ ಈಸ್ಟ್ರಡಯಾಲ್. ಈಸ್ಟ್ರೊಜೆನ್ ಎಂಬುದು ಒಂದು ಗುಂಪಿನ ಹೆಸರು, ಅದರಲ್ಲಿ ಮುಖ್ಯವಾದದ್ದು ಈಸ್ಟ್ರಡಯಾಲ್. ಪ್ರತಿಯೊಂದು ಹಂತವನ್ನು ದಾಟಿಸಲು ಒಂದೊಂದು ಕಿಣ್ವ ಬೇಕು. ಕಿಣ್ವ ಎಂದರೆ ರಾಸಾಯನಿಕ ಕ್ರಿಯೆಯನ್ನು ಬೇಗ ನಡೆಸಿಕೊಡುವ ಪ್ರೋಟೀನು. ಟೆಸ್ಟೊಸ್ಟೆರಾನನ್ನು ಈಸ್ಟ್ರಡಯಾಲ್ ಮಾಡುವ ಕಿಣ್ವದ ಹೆಸರು ಅರೊಮಟೇಸ್. ಈ ಹೆಸರೊಂದನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೀಗೆ ನೋಡಿದರೆ ಗಂಡಿನ ಹಾರ್ಮೋನು, ಹೆಣ್ಣಿನ ಹಾರ್ಮೋನು ಎಂದು ನಾವು ಎಳೆದ ಗೆರೆ ಅಷ್ಟೇನೂ ಗಟ್ಟಿಯಲ್ಲ. ಗಂಡಸರಲ್ಲೂ ಈಸ್ಟ್ರೊಜೆನ್ ಇದೆ, ಹೆಂಗಸರಲ್ಲೂ ಟೆಸ್ಟೊಸ್ಟೆರಾನ್ ಇದೆ. ಪ್ರಮಾಣ ಬೇರೆ, ಏರಿಳಿತದ ಲಯ ಬೇರೆ. ಇನ್ನೊಂದು ಮಾತು: ಕೊಲೆಸ್ಟ್ರಾಲ್‌ನಿಂದ ಹುಟ್ಟಿದ್ದರಿಂದ ಇವು ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತವೆ. ಮಿದುಳಿನ ರಕ್ತನಾಳಗಳ ಗೋಡೆ ಬಹಳ ಬಿಗಿಯಾದದ್ದು, ಎಷ್ಟೋ ಔಷಧಗಳನ್ನು ಅದು ಒಳಗೆ ಬಿಡುವುದಿಲ್ಲ. ಕೊಬ್ಬಿನಲ್ಲಿ ಕರಗುವ ಈ ಹಾರ್ಮೋನುಗಳು ಅದನ್ನು ದಾಟಿ ಹೋಗುತ್ತವೆ. ಒಳಗೆ ಹೋದ ಮೇಲೆ ಅವುಗಳಿಗಾಗಿಯೇ ಇರುವ ಗ್ರಾಹಿಗಳು ಸಿಗುತ್ತವೆ. ಗ್ರಾಹಿ ಎಂದರೆ ಜೀವಕೋಶದಲ್ಲಿದ್ದು ನಿರ್ದಿಷ್ಟ ಹಾರ್ಮೋನನ್ನು ಮಾತ್ರ ಹಿಡಿದುಕೊಳ್ಳುವ ಪ್ರೋಟೀನು. ಸಂತಾನಕ್ಕೆ ಸಂಬಂಧವೇ ಇಲ್ಲದ, ನೆನಪು ಮತ್ತು ಯೋಚನೆ ನಡೆಯುವ ಭಾಗಗಳಲ್ಲೂ ಈ ಗ್ರಾಹಿಗಳಿವೆ.

ಮಿದುಳಿನ ಮೇಲೆ ಈ ಹಾರ್ಮೋನುಗಳ ಪರಿಣಾಮ ಎಷ್ಟು ಚುರುಕು ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಹೆಣ್ಣು ಇಲಿಯ ಋತುಚಕ್ರ ನಾಲ್ಕೈದು ದಿನಗಳದ್ದು. ನೆನಪಿಗೆ ಮುಖ್ಯವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ನರಕೋಶಗಳ ಕವಲುಗಳ ಮೇಲೆ ಅತಿ ಚಿಕ್ಕ ಮೊನೆಗಳಿರುತ್ತವೆ. ಅಕ್ಕಪಕ್ಕದ ನರಕೋಶಗಳಿಂದ ಸಂದೇಶ ಪಡೆಯುವುದು ಹೆಚ್ಚಾಗಿ ಈ ಮೊನೆಗಳಲ್ಲೇ. 1990ರಲ್ಲಿ ನ್ಯೂಯಾರ್ಕಿನ ರಾಕಫೆಲರ್ ವಿಶ್ವವಿದ್ಯಾಲಯದಲ್ಲಿ ಕ್ಯಾಥರೀನ್ ವೂಲಿ, ಬ್ರೂಸ್ ಮೆಕ್‌ಈವನ್ ಮತ್ತು ಸಂಗಡಿಗರು ಇವನ್ನು ಸೂಕ್ಷ್ಮದರ್ಶಕದಡಿ ಎಣಿಸಿದರು. ಈಸ್ಟ್ರಡಯಾಲ್ ಏರಿದ ದಿನಕ್ಕೂ ಅದರ ಮರುದಿನಕ್ಕೂ ಈ ಮೊನೆಗಳ ದಟ್ಟಣೆಯಲ್ಲಿ ಸುಮಾರು ಶೇಕಡಾ 30ರಷ್ಟು ವ್ಯತ್ಯಾಸ ಕಂಡಿತು. ಬೆಳವಣಿಗೆ ಮುಗಿಸಿದ ಪ್ರಾಣಿಯ ಮಿದುಳಿನಲ್ಲಿ, ಒಂದೇ ದಿನದಲ್ಲಿ! ನಾನು ಈ ಪ್ರಯೋಗವನ್ನು ಮೊದಲು ಓದಿದಾಗ ಆದ ಬೆರಗು ಇವತ್ತಿಗೂ ಕಡಿಮೆಯಾಗಿಲ್ಲ.

ಇನ್ನು ಮಿದುಳಿನ ಗಾಯದ ಕಡೆ ಬರೋಣ. ವಯಸ್ಕರ ಮಿದುಳು ಸುಮಾರು 1.4 ಕಿಲೋ ತೂಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಸಂಗ್ರಹಾಲಯವಿದೆ. ಅಲ್ಲಿ ನಿಜವಾದ ಮಾನವ ಮಿದುಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಸಾರ್ವಜನಿಕರಿಗೂ ಉಂಟು. ಸಾಧ್ಯವಾದರೆ ಒಮ್ಮೆ ಹೋಗಿ ಬನ್ನಿ. ಆದರೆ ಅಲ್ಲಿ ಕೈಗೆ ಸಿಗುವ ಗಡಸು ರಾಸಾಯನಿಕದಲ್ಲಿ ಇಟ್ಟದ್ದರಿಂದ ಬಂದದ್ದು ಎಂಬುದು ನೆನಪಿರಲಿ. ಜೀವಂತ ಮಿದುಳು ಬಹಳ ಮೆತ್ತಗೆ, ಬೆರಳಿನ ಒತ್ತಡಕ್ಕೂ ಕುಗ್ಗುತ್ತದೆ. ಅದರ ಸುತ್ತ ಇರುವುದು ಹಿಗ್ಗಲಾರದ ಮೂಳೆಯ ಬುರುಡೆ.

ತಲೆ ರಸ್ತೆಗೆ ಬಡಿದ ಕ್ಷಣದಲ್ಲಿ ಕೆಲವು ನರಕೋಶಗಳು ಹರಿದುಹೋಗುತ್ತವೆ, ಕೆಲವು ರಕ್ತನಾಳಗಳು ಒಡೆಯುತ್ತವೆ. ಇದು ಮೊದಲ ಹಂತದ ಗಾಯ. ಇದನ್ನು ತಡೆಯಲು ಹೆಲ್ಮೆಟ್‌ನಿಂದ ಮಾತ್ರ ಸಾಧ್ಯ, ಯಾವ ಔಷಧಕ್ಕೂ ಅದು ದಕ್ಕುವುದಿಲ್ಲ. ಕಥೆ ಅಲ್ಲಿಗೆ ಮುಗಿದಿದ್ದರೆ ನಾವು ಹೆಚ್ಚೇನೂ ಮಾಡುವಂತಿರಲಿಲ್ಲ. ಆದರೆ ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ಎರಡನೆಯ ಹಂತ ಬೆಳೆಯುತ್ತ ಹೋಗುತ್ತದೆ. ಹರಿದ ಕೋಶಗಳಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಹೊರಚೆಲ್ಲುತ್ತದೆ. ಹದವಾದ ಪ್ರಮಾಣದಲ್ಲಿ ಅದು ನರಕೋಶಗಳ ನಡುವಿನ ಸಂದೇಶವಾಹಕ. ಅತಿಯಾದಾಗ ಅಕ್ಕಪಕ್ಕದ ಆರೋಗ್ಯವಂತ ಕೋಶಗಳನ್ನು ಬಿಡುವಿಲ್ಲದೆ ಕೆರಳಿಸುತ್ತದೆ. ಕೆರಳಿದ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಅದು ಕೋಶದ ಶಕ್ತಿಮೂಲವನ್ನು ಕೆಡಿಸುತ್ತದೆ, ಕೊನೆಗೆ ಕೋಶ ಸಾಯುತ್ತದೆ. ಜೊತೆಗೆ ಉರಿಯೂತ, ಜೊತೆಗೆ ನೀರು ತುಂಬಿ ಊತ. ಕೈಕಾಲು ಊದಿಕೊಂಡರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ಬುರುಡೆಯೊಳಗೆ ಆ ಜಾಗವೇ ಇಲ್ಲ. ಒಳಗಿನ ಒತ್ತಡ ಏರುತ್ತದೆ, ರಕ್ತದ ಹರಿವು ತಗ್ಗುತ್ತದೆ, ಇನ್ನಷ್ಟು ಕೋಶಗಳು ಸಾಯುತ್ತವೆ. ಆಸ್ಪತ್ರೆಗೆ ಬರುವಾಗ ಮಾತಾಡುತ್ತಿದ್ದವರು ಎರಡನೆಯ ದಿನ ಪ್ರಜ್ಞೆ ತಪ್ಪಲು ಇದೂ ಒಂದು ಕಾರಣ. ಮಿದುಳನ್ನು ಕಾಪಾಡುವುದು ಎಂದು ನಾನು ಹೇಳುವಾಗಲೆಲ್ಲ ಈ ಎರಡನೆಯ ಹಂತವನ್ನು ತಡೆಯುವುದು ಎಂದು ನೀವು ತಿಳಿದುಕೊಳ್ಳಬೇಕು.

ಅಮೆರಿಕದ ಡೊನಾಲ್ಡ್ ಸ್ಟೈನ್ ಮಿದುಳಿನ ಗಾಯದಿಂದ ಇಲಿಗಳು ಹೇಗೆ ಚೇತರಿಸಿಕೊಳ್ಳುತ್ತವೆ ಎಂಬುದನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. ಒಂದೇ ಬಗೆಯ ಗಾಯವಾದರೂ ಹಲವು ಹೆಣ್ಣಿಲಿಗಳು ಗಂಡಿಲಿಗಳಿಗಿಂತ ಚೆನ್ನಾಗಿ ಸುಧಾರಿಸಿಕೊಳ್ಳುವುದನ್ನು ಅವರು ಕಂಡಿದ್ದರು. ಆಗಿನ ಬಹುಪಾಲು ಪ್ರಯೋಗಾಲಯಗಳು ಗಂಡು ಪ್ರಾಣಿಗಳನ್ನೇ ಬಳಸುತ್ತಿದ್ದವು. ಹೆಣ್ಣಿನ ಋತುಚಕ್ರ ಲೆಕ್ಕಾಚಾರವನ್ನು ಕೆಡಿಸುತ್ತದೆ ಎಂಬುದು ಅವುಗಳ ನೆಪ. ಸ್ಟೈನ್ ಮತ್ತು ಅವರ ಸಹೋದ್ಯೋಗಿಗಳು, ಇತರರು ಹೊರಗಿಟ್ಟ ಆ ಋತುಚಕ್ರದಲ್ಲೇ ಉತ್ತರ ಹುಡುಕಿದರು. ಹೆಣ್ಣಿಲಿಗಳಲ್ಲಿ ಹುಸಿ ಬಸಿರು ಎಂಬ ಸ್ಥಿತಿಯನ್ನು ಉಂಟುಮಾಡಬಹುದು. ಹೊಟ್ಟೆಯಲ್ಲಿ ಮರಿ ಇರುವುದಿಲ್ಲ, ಆದರೂ ಬಸಿರಿನಲ್ಲಿ ಇರುವಂತೆ ಪ್ರೊಜೆಸ್ಟರಾನ್ ಏರಿರುತ್ತದೆ. ಇಂಥ ಇಲಿಗಳಿಗೆ ಗಾಯವಾದಾಗ ಮಿದುಳಿನ ಊತ ಬಹಳ ಕಡಿಮೆ ಇತ್ತು. ಗಂಡಿಲಿಗಳಲ್ಲಿ ಊತ ಹೆಚ್ಚು. ಮುಂದೆ ಹೊರಗಿನಿಂದ ಪ್ರೊಜೆಸ್ಟರಾನ್ ಕೊಟ್ಟು ನೋಡಿದಾಗ ಗಂಡಿಲಿಗಳಿಗೂ ಅದರ ರಕ್ಷಣೆ ಸಿಕ್ಕಿತು. ಆದ್ದರಿಂದ ರಕ್ಷಣೆ ಹೆಣ್ಣಾಗಿರುವುದರಲ್ಲಿ ಇರಲಿಲ್ಲ, ಆ ಹೊತ್ತಿಗೆ ಮಿದುಳಿನ ಸುತ್ತ ಇದ್ದ ಹಾರ್ಮೋನಿನಲ್ಲಿತ್ತು. ಈ ಕೆಲಸ 1990ರ ದಶಕದ ಮೊದಲ ವರ್ಷಗಳದ್ದು.

ಹಾರ್ಮೋನು ಇದನ್ನು ಹೇಗೆ ಸಾಧಿಸುತ್ತದೆ? ಒಂದೇ ದಾರಿಯಿಂದಲ್ಲ. ಈಸ್ಟ್ರಡಯಾಲ್ ನರಕೋಶದ ಗ್ರಾಹಿಗೆ ಅಂಟಿಕೊಂಡು ಕೋಶಕೇಂದ್ರದಲ್ಲಿರುವ ಕೆಲವು ಜೀನುಗಳನ್ನು ಎಚ್ಚರಿಸುತ್ತದೆ. ಪೆಟ್ಟುತಿಂದ ಕೋಶಗಳು ತಮ್ಮನ್ನು ತಾವೇ ಮುಗಿಸಿಕೊಳ್ಳುವ ಒಂದು ಕ್ರಮವಿದೆ. ಅದನ್ನು ತಡೆಹಿಡಿಯುವ ಬಿಸಿಎಲ್-2 ಎಂಬ ಪ್ರೋಟೀನು ಹೆಚ್ಚಾಗುವುದು ಹೀಗೆಯೇ. ಈಸ್ಟ್ರಡಯಾಲ್ ರಕ್ತನಾಳಗಳನ್ನು ಸಡಿಲಗೊಳಿಸಿ ರಕ್ತದ ಹರಿವಿಗೂ ನೆರವಾಗುತ್ತದೆ, ಉರಿಯೂತವನ್ನೂ ತಗ್ಗಿಸುತ್ತದೆ. ಪ್ರೊಜೆಸ್ಟರಾನ್ ಊತವನ್ನು ಇಳಿಸುವುದರ ಜೊತೆಗೆ ಮಿದುಳಿನಲ್ಲಿ ಅಲೊಪ್ರೆಗ್ನನಲೋನ್ ಎಂಬ ಇನ್ನೊಂದು ವಸ್ತುವಾಗಿ ಬದಲಾಗುತ್ತದೆ. ಅದು ಗಾಬಾ ಎಂಬ, ನರಕೋಶಗಳನ್ನು ಶಾಂತಗೊಳಿಸುವ ವ್ಯವಸ್ಥೆಗೆ ಬಲ ಕೊಡುತ್ತದೆ. ಗ್ಲುಟಮೇಟ್ ಕೆರಳಿಸಿದ ಕೋಶಗಳಿಗೆ ಬೇಕಾದ ಸಮಾಧಾನ ಇದೇ. ಇದೇ ವಸ್ತುವಿನಿಂದ ತಯಾರಾದ ಔಷಧಕ್ಕೆ 2019ರಲ್ಲಿ ಬಾಣಂತಿಯರ ಖಿನ್ನತೆಯ ಚಿಕಿತ್ಸೆಗಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನು ಟೆಸ್ಟೊಸ್ಟೆರಾನ್? ಅದು ಮಾಡುವ ರಕ್ಷಣೆಯ ಒಂದು ಪಾಲು ಅದು ಈಸ್ಟ್ರಡಯಾಲ್ ಆದ ಮೇಲೆ ನಡೆಯುವಂಥದ್ದು. ಅರೊಮಟೇಸ್ ನೆನಪಿದೆಯಲ್ಲ?

ನನ್ನ ಮಟ್ಟಿಗೆ ಈ ವಿಷಯದ ಹೃದಯ ಇರುವುದು ಮುಂದಿನ ಮಾತಿನಲ್ಲಿ. ಅಂಡಾಶಯ ಮತ್ತು ವೃಷಣಗಳು ತಯಾರಿಸಿ ಕಳುಹಿಸಿದ್ದನ್ನು ಮಿದುಳು ಸುಮ್ಮನೆ ಪಡೆದುಕೊಳ್ಳುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 1981ರಲ್ಲಿ ಫ್ರಾನ್ಸಿನ ಎಟಿಯೆನ್-ಎಮಿಲ್ ಬೋಲಿಯು ಮತ್ತು ಸಂಗಡಿಗರು ಈ ಕುಟುಂಬಕ್ಕೇ ಸೇರಿದ ಒಂದು ಹಾರ್ಮೋನನ್ನು ಇಲಿಯ ಮಿದುಳಿನಲ್ಲಿ ಅಳೆದು ನೋಡಿದರು. ರಕ್ತದಲ್ಲಿ ಇದ್ದದ್ದಕ್ಕಿಂತ ಮಿದುಳಿನಲ್ಲೇ ಅದು ಹೆಚ್ಚಾಗಿತ್ತು. ಅದನ್ನು ತಯಾರಿಸುವ ಗ್ರಂಥಿಗಳನ್ನು ತೆಗೆದ ಮೇಲೂ ಮಿದುಳಿನಲ್ಲಿ ಉಳಿದಿತ್ತು. ಎಂದರೆ ಮಿದುಳೇ ಅದನ್ನು ತಯಾರಿಸುತ್ತಿರಬೇಕು.

1999ರಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದ ಕಾಹಾಲ್ ಸಂಸ್ಥೆಯ ಲೂಯಿಸ್ ಮಿಗೆಲ್ ಗಾರ್ಸಿಯಾ-ಸೆಗುರಾ ತಂಡ ಇನ್ನೊಂದನ್ನು ಗುರುತಿಸಿತು. ಮಿದುಳಿನಲ್ಲಿ ನರಕೋಶಗಳ ಜೊತೆಗೆ ಆಸ್ಟ್ರೊಸೈಟ್‌ಗಳೆಂಬ ನಕ್ಷತ್ರಾಕಾರದ ಕೋಶಗಳಿವೆ. ನರಕೋಶಗಳಿಗೆ ಆಹಾರ ಒದಗಿಸಿ ಅವುಗಳ ಸುತ್ತಮುತ್ತಲನ್ನು ಹದವಾಗಿ ಇಡುವುದು ಅವುಗಳ ಕೆಲಸ. ಸಾಮಾನ್ಯ ಸ್ಥಿತಿಯಲ್ಲಿ ಇಲಿಗಳ ಆಸ್ಟ್ರೊಸೈಟ್‌ಗಳಲ್ಲಿ ಅರೊಮಟೇಸ್ ಕಾಣುವುದಿಲ್ಲ. ಗಾಯವಾದರೆ, ಗಾಯದ ಅಂಚಿನಲ್ಲಿರುವ ಆಸ್ಟ್ರೊಸೈಟ್‌ಗಳು ಅರೊಮಟೇಸ್ ತಯಾರಿಸತೊಡಗುತ್ತವೆ. ಅಂದರೆ ಪೆಟ್ಟು ಬಿದ್ದ ಜಾಗದಲ್ಲೇ, ಅಲ್ಲಿಗೆ ಬೇಕಾದಷ್ಟು ಈಸ್ಟ್ರಡಯಾಲ್ ತಯಾರಾಗಲು ಬೇಕಾದ ಏರ್ಪಾಟು ನಡೆಯುತ್ತದೆ. ಗಂಡಿನಲ್ಲೂ, ಹೆಣ್ಣಿನಲ್ಲೂ.

ಇದು ನಿಜಕ್ಕೂ ರಕ್ಷಣೆಗಾಗಿಯೇ ನಡೆಯುತ್ತದೆಯೇ, ಅಥವಾ ಗಾಯದ ಜೊತೆ ಸುಮ್ಮನೆ ಕಾಣಿಸಿಕೊಳ್ಳುವ ಬದಲಾವಣೆಯೇ? ಒಳ್ಳೆಯ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಇದು. ಇದನ್ನು ಪರೀಕ್ಷಿಸಲು ಅರೊಮಟೇಸನ್ನು ತಡೆದು ನೋಡಬೇಕು. ಹಾಗೆ ತಡೆದಾಗ, ಸಾಮಾನ್ಯವಾಗಿ ಇಲಿಗಳು ತಾಳಿಕೊಳ್ಳುವಷ್ಟು ಕಡಿಮೆ ಪ್ರಮಾಣದ ನರವಿಷವೂ ಹಿಪ್ಪೊಕ್ಯಾಂಪಸ್‌ನ ಕೋಶಗಳನ್ನು ಕೊಂದಿತು. ಅಮೆರಿಕದಲ್ಲಿ ಕಾಲಿನ್ ಸಲ್ಡಾನಾ ಮತ್ತು ಸಹೋದ್ಯೋಗಿಗಳು ಜೀಬ್ರಾ ಫಿಂಚ್ ಎಂಬ ಪುಟ್ಟ ಹಾಡುಹಕ್ಕಿಗಳಲ್ಲಿ ಇದನ್ನೇ ಕಂಡರು. ತೆಳ್ಳನೆಯ ಸೂಜಿ ಮಿದುಳಿನಲ್ಲಿ ಹಾದುಹೋದ ದಾರಿಯ ಇಕ್ಕೆಲದಲ್ಲೂ ಅರೊಮಟೇಸ್ ಕಾಣಿಸಿಕೊಂಡಿತು, ಅದನ್ನು ತಡೆದಾಗ ಕೋಶಗಳ ಸಾವು ಹೆಚ್ಚಿತು. ಹಕ್ಕಿಯಲ್ಲೂ ಇಲಿಯಲ್ಲೂ ಒಂದೇ ಉಪಾಯ ಕಾಣುವುದೆಂದರೆ ಅದು ಬಹಳ ಹಳೆಯದಿರಬೇಕು ಎಂಬುದು ನನ್ನ ಊಹೆ.

ಇಷ್ಟೆಲ್ಲ ತಿಳಿದ ಮೇಲೆ ಗಾಯಾಳುಗಳಿಗೆ ಹಾರ್ಮೋನು ಕೊಟ್ಟರಾಯಿತಲ್ಲ ಎಂದು ನಿಮಗೆ ಅನ್ನಿಸುತ್ತದೆ. ವೈದ್ಯರಿಗೂ ಅನ್ನಿಸಿತು. ಅಟ್ಲಾಂಟಾ ನಗರದ ಎಮರಿ ವಿಶ್ವವಿದ್ಯಾಲಯದಲ್ಲಿ, ಸ್ಟೈನ್ ಅವರ ಕೆಲಸವನ್ನೇ ಆಧರಿಸಿ, ತಲೆಗೆ ಪೆಟ್ಟಾದ 100 ಜನರ ಮೇಲೆ ಪ್ರೊಜೆಸ್ಟರಾನ್ ಪರೀಕ್ಷೆ ನಡೆಯಿತು. 77 ಜನರಿಗೆ ಔಷಧ, 23 ಜನರಿಗೆ ಔಷಧವಿಲ್ಲದ ದ್ರವ. ಯಾರಿಗೆ ಯಾವುದು ಎಂಬುದನ್ನು ಆಯ್ದದ್ದು ಚೀಟಿ ಎತ್ತಿದ ಹಾಗೆ. 2007ರಲ್ಲಿ ಫಲಿತಾಂಶ ಬಂತು. ಮೂವತ್ತು ದಿನಗಳಲ್ಲಿ ತೀರಿಕೊಂಡವರು ಔಷಧ ಪಡೆದವರಲ್ಲಿ ಶೇಕಡಾ 13, ಪಡೆಯದವರಲ್ಲಿ ಶೇಕಡಾ 30. ಆಶೆ ಹುಟ್ಟಿಸುವ ಅಂಕಿ. ಆದರೆ 23 ಜನರಲ್ಲಿ ಶೇಕಡಾ 30 ಎಂದರೆ ಏಳು ಜನ. ಅವರಲ್ಲಿ ಇಬ್ಬರು ಬದುಕಿದ್ದರೂ ಅಂಕಿ 22ಕ್ಕೆ ಇಳಿದುಬಿಡುತ್ತಿತ್ತು. ಚಿಕ್ಕ ಗುಂಪಿನ ಶೇಕಡಾವಾರನ್ನು ಓದುವಾಗ ಹಿಂದಿರುವ ತಲೆಗಳನ್ನು ಎಣಿಸುವ ಅಭ್ಯಾಸವನ್ನು ನೀವು ಈಗಲೇ ಬೆಳೆಸಿಕೊಳ್ಳಿ.

ದೊಡ್ಡ ಪರೀಕ್ಷೆಗಳು ಎರಡು ನಡೆದವು. ಒಂದರಲ್ಲಿ 882 ಜನ, ಇನ್ನೊಂದರಲ್ಲಿ 21 ದೇಶಗಳ ಸುಮಾರು 1,200 ಜನ. ಎರಡರ ಫಲಿತಾಂಶವೂ ಪ್ರಕಟವಾದದ್ದು 2014ರ ಡಿಸೆಂಬರಿನಲ್ಲಿ. ಪ್ರಯೋಜನ ಕಾಣಲಿಲ್ಲ. ಎರಡನೆಯದರಲ್ಲಿ ಆರು ತಿಂಗಳ ನಂತರ ಚೆನ್ನಾಗಿ ಸುಧಾರಿಸಿಕೊಂಡವರು ಔಷಧ ಪಡೆದವರಲ್ಲಿ ಶೇಕಡಾ 50.4, ಪಡೆಯದವರಲ್ಲಿ 50.5.

ಇದು ದೊಡ್ಡ ಹಿನ್ನಡೆ, ಅದನ್ನು ಮುಚ್ಚಿಡಬಾರದು. ಕಾರಣಗಳ ಚರ್ಚೆ ಇನ್ನೂ ನಡೆದಿದೆ. ಪ್ರಯೋಗಾಲಯದ ಇಲಿಗಳೆಲ್ಲ ಒಂದೇ ವಯಸ್ಸಿನವು, ಒಂದೇ ತಳಿಯವು. ಎಲ್ಲಕ್ಕೂ ಒಂದೇ ಜಾಗದಲ್ಲಿ ಒಂದೇ ಬಲದ ಪೆಟ್ಟು. ಆಸ್ಪತ್ರೆಗೆ ಬರುವ ಒಬ್ಬರ ಗಾಯ ಇನ್ನೊಬ್ಬರದರಂತೆ ಇರುವುದಿಲ್ಲ. ಒಬ್ಬರಿಗೆ ರಕ್ತ ಹೆಪ್ಪುಗಟ್ಟಿರುತ್ತದೆ, ಇನ್ನೊಬ್ಬರಿಗೆ ನರತಂತುಗಳು ಹರಿದಿರುತ್ತವೆ, ಮೂರನೆಯವರಿಗೆ ಎದೆಗೂ ಪೆಟ್ಟಾಗಿರುತ್ತದೆ. ಇವರೆಲ್ಲರ ಚೇತರಿಕೆಯನ್ನೂ ಕೆಲವೇ ಮೆಟ್ಟಿಲುಗಳ ಅಳತೆಗೋಲಿನಿಂದ ಅಳೆದದ್ದು ಸರಿಯೇ ಎಂಬ ಪ್ರಶ್ನೆಯಿದೆ. ಎಷ್ಟು ಪ್ರಮಾಣ, ಎಷ್ಟು ದಿನ ಎಂಬುದನ್ನು ದೊಡ್ಡ ಪರೀಕ್ಷೆಗೆ ಮುಂಚೆ ಸಾಕಷ್ಟು ಹದಗೊಳಿಸಿರಲಿಲ್ಲ ಎಂಬ ಆಕ್ಷೇಪವೂ ಇದೆ. ನನಗೆ ಮುಖ್ಯವಾಗಿ ತೋರುವುದು ಇನ್ನೊಂದು: ಮಿದುಳು ಗಾಯದ ಅಂಚಿನಲ್ಲೇ, ಬೇಕಾದಷ್ಟೇ ತಯಾರಿಸಿಕೊಳ್ಳುವುದನ್ನು ನಾವು ಗಂಟೆಗಳ ನಂತರ ಇಡೀ ದೇಹದ ರಕ್ತಕ್ಕೆ ಹರಿಸುತ್ತೇವೆ. ಎರಡೂ ಒಂದೇ ಅಲ್ಲ.

ಹೊತ್ತು ಎಷ್ಟು ಮುಖ್ಯ ಎಂಬುದನ್ನು ಈಸ್ಟ್ರೊಜೆನ್ ಮಾತ್ರೆಗಳೂ ಕಲಿಸಿವೆ. ಮುಟ್ಟು ನಿಂತ ಹೆಂಗಸರಿಗೆ ಹಾರ್ಮೋನು ಕೊಟ್ಟರೆ ಹೃದಯಕ್ಕೂ ಮಿದುಳಿಗೂ ಒಳ್ಳೆಯದಾಗಬಹುದು ಎಂಬ ನಿರೀಕ್ಷೆಯಿಂದ ಅಮೆರಿಕದಲ್ಲಿ 50ರಿಂದ 79 ವಯಸ್ಸಿನ 16,608 ಮಹಿಳೆಯರ ಮೇಲೆ ನಡೆದ ಪರೀಕ್ಷೆಯನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಸ್ತನ ಕ್ಯಾನ್ಸರ್ ಮತ್ತು ಪಾರ್ಶ್ವವಾಯು, ಅಂದರೆ ಲಕ್ವ, ಹೆಚ್ಚಾಗಿದ್ದವು. ಮರುವರ್ಷ, 65 ದಾಟಿದವರಲ್ಲಿ ಮರೆಗುಳಿತನದ ಅಪಾಯವೂ ಸುಮಾರು ಇಮ್ಮಡಿಯಾದದ್ದು ತಿಳಿಯಿತು. ಆ ಮಾತ್ರೆಯಲ್ಲಿದ್ದದ್ದು ಬಸುರಿ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೊಜೆನ್‌ಗಳು, ಜೊತೆಗೆ ಪ್ರೊಜೆಸ್ಟರಾನ್‌ಗೆ ಬದಲಾಗಿ ಕೃತಕವಾಗಿ ತಯಾರಿಸಿದ ಇನ್ನೊಂದು ವಸ್ತು. ಸೇರಿದ್ದವರಲ್ಲಿ ಬಹಳಷ್ಟು ಜನರಿಗೆ ಮುಟ್ಟು ನಿಂತು ಎಷ್ಟೋ ವರ್ಷಗಳಾಗಿದ್ದವು. ಹಾರ್ಮೋನಿನಿಂದ ದೀರ್ಘಕಾಲ ದೂರವಿದ್ದ ಮಿದುಳು ಮತ್ತು ರಕ್ತನಾಳಗಳು ಅದಕ್ಕೆ ಮೊದಲಿನಂತೆ ಸ್ಪಂದಿಸುವುದಿಲ್ಲ ಎಂದು ಹಲವು ಸಂಶೋಧಕರು ಈಗ ಭಾವಿಸುತ್ತಾರೆ. ಆದ್ದರಿಂದ ಈ ಲೇಖನ ಓದಿ ಯಾರೂ ಮಿದುಳಿನ ರಕ್ಷಣೆಗೆಂದು ತಾವಾಗಿಯೇ ಹಾರ್ಮೋನು ಮಾತ್ರೆ ನುಂಗಬಾರದು.

ಹಾರ್ಮೋನು ಕೊಡುವುದರ ಇನ್ನೊಂದು ಮುಖ ಅದನ್ನು ಕಸಿದುಕೊಳ್ಳುವುದು. ಅದು ನಮ್ಮ ನಾಡಿಗೆ ನೇರವಾಗಿ ತಾಗುವಂಥದ್ದು. ಅಮೆರಿಕದ ಮೇಯೊ ಕ್ಲಿನಿಕ್‌ನ ವಾಲ್ಟರ್ ರೊಕ್ಕಾ ಮತ್ತು ಸಂಗಡಿಗರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಹಜವಾಗಿ ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ತೆಗೆಸಿಕೊಂಡ ಮಹಿಳೆಯರಲ್ಲಿ ಮುಂದೆ ನೆನಪಿನ ಶಕ್ತಿ ಕುಂದುವ, ಮರೆಗುಳಿತನ ಬರುವ ಅಪಾಯ ಹೆಚ್ಚಿತ್ತು. ತೆಗೆಸಿದಾಗಿನ ವಯಸ್ಸು ಚಿಕ್ಕದಾದಷ್ಟೂ ಅಪಾಯ ದೊಡ್ಡದಾಗಿತ್ತು. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಬಡ ಹೆಂಗಸರಿಗೆ, ಅವರಲ್ಲಿ ಎಷ್ಟೋ ಮಂದಿ ಇನ್ನೂ ಚಿಕ್ಕ ವಯಸ್ಸಿನವರು, ಅಗತ್ಯವಿಲ್ಲದೆ ಗರ್ಭಕೋಶ ತೆಗೆಯುವ ಆಪರೇಷನ್ ಮಾಡಿದ ಆರೋಪ 2015ರ ಸುಮಾರಿಗೆ ರಾಜ್ಯದಾದ್ಯಂತ ಸುದ್ದಿಯಾಯಿತು, ತನಿಖೆಯೂ ನಡೆಯಿತು. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಆ ಮಿದುಳಿಗೆ ಇನ್ನೂ ಎಷ್ಟೋ ವರ್ಷ ಸಿಗಬೇಕಿದ್ದ ಈಸ್ಟ್ರಡಯಾಲ್ ಮತ್ತು ಪ್ರೊಜೆಸ್ಟರಾನ್‌ನ ಬಹುಪಾಲು ಕೆಲವೇ ದಿನಗಳಲ್ಲಿ ನಿಂತುಹೋಗುತ್ತದೆ. ಕ್ಯಾನ್ಸರ್ ಇದ್ದಾಗ, ಅದು ಬರುವ ಅಪಾಯ ವಂಶದಲ್ಲೇ ಇದ್ದಾಗ ಅಂಡಾಶಯ ತೆಗೆಯುವುದು ಜೀವ ಉಳಿಸುತ್ತದೆ, ಅಲ್ಲಿ ಹಿಂಜರಿಯಬಾರದು. ಅಂಥ ಕಾರಣವಿಲ್ಲದಿದ್ದರೆ, ನಿಮ್ಮ ಮನೆಯ ಹೆಂಗಸರಿಗೆ ಯಾರಾದರೂ ಗರ್ಭಕೋಶದ ಆಪರೇಷನ್ ಸೂಚಿಸಿದಾಗ ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ: ಅಂಡಾಶಯಗಳನ್ನೂ ತೆಗೆಯುತ್ತೀರಾ? ಯಾಕೆ? ತೆಗೆದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನು ಕೊಡುತ್ತೀರಾ? ರೊಕ್ಕಾ ಅವರ ಅಧ್ಯಯನದಲ್ಲಿ, ಅಂಡಾಶಯ ತೆಗೆದ ನಂತರ ಕನಿಷ್ಠ 50 ವರ್ಷ ವಯಸ್ಸಿನವರೆಗೆ ಈಸ್ಟ್ರೊಜೆನ್ ಪಡೆದವರಲ್ಲಿ ಆ ಹೆಚ್ಚುವರಿ ಅಪಾಯ ಕಾಣಲಿಲ್ಲ.